ಗೈಡು ಪುಸ್ತಕವೂ ಮಕ್ಕಳ ಕಾಯುವಿಕೆಯೂ

1988ನೆಯ ಇಸವಿ ಫೆಬ್ರವರಿ 10, ಬುಧವಾರ. ಜಪಾನ್ ದೇಶದ ಟೋಕಿಯೊ ನಗರದಲ್ಲಿ ಚಳಿಗಾಲದ ಮುಂಜಾವು. ಅಂಗಡಿಗಳ ಬಾಗಿಲು ತೆರೆಯುವುದಕ್ಕೆ ಎಷ್ಟೋ ಹೊತ್ತು ಮೊದಲೇ ಸಾವಿರಾರು ಜನ ಸರತಿಯ ಸಾಲಿನಲ್ಲಿ ನಿಂತಿದ್ದರು. ಅವರು ಕಾಯುತ್ತಿದ್ದುದು ಅಂಗೈಯಗಲದ ಒಂದು ಪ್ಲಾಸ್ಟಿಕ್ ಕಾರ್ಟ್ರಿಜ್‌ಗಾಗಿ. 'ಡ್ರ್ಯಾಗನ್ ಕ್ವೆಸ್ಟ್' ಎಂಬ ವಿಡಿಯೊ ಆಟದ ಮೂರನೆಯ ಭಾಗ ಅಂದು ಮಾರಾಟಕ್ಕೆ ಬಂದಿತ್ತು. ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಶಾಲೆ ತಪ್ಪಿಸಿ ಬಂದಿದ್ದ ನೂರಾರು ಮಕ್ಕಳು ದೇಶದ ನಾನಾ ಕಡೆಗಳಲ್ಲಿ ಪೊಲೀಸರ ಕೈಗೆ ಸಿಕ್ಕಿ ಬುದ್ಧಿಮಾತು ಕೇಳಿಸಿಕೊಳ್ಳಬೇಕಾಯಿತು.

ಪ್ರಿಯ ಶಿಷ್ಯಮಿತ್ರರೇ, ಬಂಧುಗಳೇ, ಜೀವನದ ಬಹುಭಾಗ ಹಾಜರಿ ಪುಸ್ತಕ ಹಿಡಿದವನಿಗೆ ಇಂಥ ಸುದ್ದಿ ಓದಿದೊಡನೆ ಮೊದಲು ಕಣ್ಣಿಗೆ ಕಟ್ಟುವುದು ಆ ದಿನದ ಖಾಲಿ ಬೆಂಚುಗಳೇ. ಆದರೆ ಈ ಚರಿತ್ರೆಯನ್ನು ಇನ್ನಷ್ಟು ಕೆದಕಿದಾಗ ನನ್ನ ಗಮನ ಸೆಳೆದದ್ದು ಬೇರೆಯೇ ಒಂದು ಸಂಗತಿ. ಈ ಆಟಗಳ ಜೊತೆಜೊತೆಗೇ ಒಂದು ಹೊಸ ಜಾತಿಯ ಪುಸ್ತಕವೂ ಹುಟ್ಟಿತು, ಬೆಳೆಯಿತು, ಕ್ರಮೇಣ ಕ್ಷೀಣಿಸಿತು. ಅದರ ಹೆಸರು ಗೈಡು! ಈ ಹೆಸರು ನನ್ನ ಲೇಖನಿಯಿಂದ ಬಂದದ್ದನ್ನು ಕಂಡು ನನ್ನ ತರಗತಿಯಲ್ಲಿ ಕುಳಿತವರು ಖಂಡಿತ ನಗುತ್ತೀರಿ. ಪರೀಕ್ಷೆಯ ಗೈಡುಗಳನ್ನು ನಾನು ಎಂದೂ ತರಗತಿಯೊಳಗೆ ಬಿಟ್ಟುಕೊಂಡವನಲ್ಲ. ಪಠ್ಯಪುಸ್ತಕವನ್ನೇ ತೆರೆಯದಂತೆ ಮಾಡುವ ಆ ಹೊತ್ತಗೆಗಳ ಬಗ್ಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆಟದ ಗೈಡೂ ಅದೇ ಕುಲದ್ದೇ ಎಂಬುದು ಮಾತ್ರ ವಿಚಾರ ಮಾಡಬೇಕಾದ ಪ್ರಶ್ನೆ.

ಮೊದಲಿಗೆ ಸ್ವಲ್ಪ ಹಿನ್ನೆಲೆ. ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈನಲ್ಲಿ 'ಫ್ಯಾಮಿಕಾಮ್' ಎಂಬ ಕನ್ಸೋಲನ್ನು ಹೊರತಂದಿತು. 1985ರ ಸೆಪ್ಟೆಂಬರ್ 13ರಂದು ಅದಕ್ಕಾಗಿ 'ಸೂಪರ್ ಮಾರಿಯೊ ಬ್ರದರ್ಸ್' ಬಿಡುಗಡೆಯಾಯಿತು. ಎಂಟು ಲೋಕಗಳು, ಲೋಕಕ್ಕೆ ನಾಲ್ಕರಂತೆ ಮೂವತ್ತೆರಡು ಘಟ್ಟಗಳು. ಇಷ್ಟೇ ಆಗಿದ್ದರೆ ಪುಸ್ತಕದ ಅಗತ್ಯವಿರಲಿಲ್ಲ. ಆದರೆ ಆಟದ ತುಂಬ ಗುಟ್ಟುಗಳು ಅಡಗಿದ್ದವು. ಕೆಲವು ಕೊಳವೆಗಳಿಗೆ ಇಳಿದರೆ ನೆಲದಡಿಯ ನಾಣ್ಯಗಳ ಕೋಣೆ. ಚಾವಣಿಯ ಮೇಲೇರಿ ನಡೆದರೆ ಮುಂದಿನ ಲೋಕಗಳಿಗೆ ನೇರವಾಗಿ ಹಾರುವ ಒಳದಾರಿ. ಈ ಗುಟ್ಟುಗಳನ್ನೆಲ್ಲ ಒಟ್ಟುಗೂಡಿಸಿ ಟೋಕುಮಾ ಶೋಟೆನ್ ಎಂಬ ಪ್ರಕಾಶನ ಸಂಸ್ಥೆ ಅದೇ ವರ್ಷ ಒಂದು ಪುಸ್ತಕ ಹೊರತಂದಿತು. 1985ರಲ್ಲಿ ಜಪಾನಿನಲ್ಲಿ ಅತ್ಯಧಿಕ ಮಾರಾಟವಾದ ಪುಸ್ತಕವೆಂಬ ಹೆಸರು ದೊರೆತದ್ದು ಈ ಗೈಡಿಗೇ. ಓದುಗರೆಂದು ಪ್ರಸಿದ್ಧರಾದ ಆ ಜನರ ನಾಡಿನಲ್ಲಿ, ಕಾದಂಬರಿಗಳನ್ನೂ ಮಹಾಪುರುಷರ ಜೀವನಚರಿತ್ರೆಗಳನ್ನೂ ಹಿಂದೆ ಹಾಕಿ, ಒಂದು ಆಟದ ಗೈಡು ಮೊದಲ ಸ್ಥಾನಕ್ಕೇರಿತು.

ಇಂಥ ಪುಸ್ತಕಕ್ಕೆ ಜಪಾನಿಯರು 'ಕೋರ್ಯಕುಬೊನ್' ಎನ್ನುತ್ತಾರೆ. 'ಬೊನ್' ಎಂದರೆ ಪುಸ್ತಕ. 'ಕೋರ್ಯಕು' ಎಂದರೆ ಮುತ್ತಿಗೆ ಹಾಕಿ ವಶಪಡಿಸಿಕೊಳ್ಳುವುದು. ಕೋಟೆ ಹತ್ತುವವನು ಕೈಯಲ್ಲಿ ಹಿಡಿಯುವ ನಕ್ಷೆಯೆಂದುಕೊಳ್ಳಿ. ನಕ್ಷೆ ಇದ್ದ ಮಾತ್ರಕ್ಕೆ ಕೋಟೆ ಕೈವಶವಾಗುವುದಿಲ್ಲ. ಏಣಿ ಹಾಕಿ ಹತ್ತಬೇಕಾದವನು ತಾನೇ. ಪರೀಕ್ಷೆಯ ಗೈಡಿಗೂ ಇದಕ್ಕೂ ಇರುವ ಮುಖ್ಯ ಭೇದ ಇದು. ಪ್ರಶ್ನೋತ್ತರವನ್ನು ಉರು ಹೊಡೆದವನು ಪಾಠ ಓದದೆಯೇ ಅಂಕ ಪಡೆಯಬಲ್ಲ. ಮಾರಿಯೊವಿನ ಗೈಡನ್ನು ಬಾಯಿಪಾಠ ಮಾಡಿದವನು ಕೂಡ ಕಂದಕ ಬಂದಾಗ ಸರಿಯಾದ ಕ್ಷಣಕ್ಕೆ ಗುಂಡಿಯೊತ್ತಿ ನೆಗೆಯಲೇಬೇಕು.

ಈ ಗೈಡುಗಳನ್ನು ಮೊದಲು ಬರೆದವರು ಯಾರು? ಪ್ರಕಾಶಕರಲ್ಲ, ಆಟಗಾರರೇ. 1984ರಲ್ಲಿ ನಾಮ್ಕೊ ಸಂಸ್ಥೆ 'ದಿ ಟವರ್ ಆಫ್ ಡ್ರುವಾಗ' ಎಂಬ ಆಟವನ್ನು ಹೊರತಂದಿತು. ಕಾಸು ಹಾಕಿ ಆಡುವ ಅಂಗಡಿಗಳ ಆಟ ಅದು. ಅರುವತ್ತು ಅಂತಸ್ತುಗಳ ಗೋಪುರ. ಅಂತಸ್ತುಗಳಲ್ಲಿ ಅಡಗಿದ ನಿಧಿಗಳು. ಯಾವ ಅಂತಸ್ತಿನಲ್ಲಿ ಏನು ಮಾಡಿದರೆ ನಿಧಿ ಕಾಣುತ್ತದೆಂಬ ಸುಳಿವನ್ನು ಆಟ ಕೊಡುತ್ತಿರಲಿಲ್ಲ. ಒಬ್ಬನೇ ಕುಳಿತು ಇದನ್ನು ಬಿಡಿಸುವುದು ಅಸಾಧ್ಯದ ಮಾತು. ಆದ್ದರಿಂದ ಆಟದ ಅಂಗಡಿಗಳಲ್ಲಿ ಒಂದು ನೋಟ್‌ಬುಕ್ ಇರುತ್ತಿತ್ತು. ಒಬ್ಬ ತಾನು ಕಂಡುಕೊಂಡದ್ದನ್ನು ಬರೆದಿಟ್ಟು ಹೋಗುತ್ತಿದ್ದ. ಮರುದಿನ ಬಂದ ಅಪರಿಚಿತ ಅದಕ್ಕೆ ತನ್ನ ಸಾಲು ಸೇರಿಸುತ್ತಿದ್ದ. ಹೆಸರಿಲ್ಲದ ಹತ್ತಾರು ಕೈಗಳು ಸೇರಿ ಬರೆದ ಇಂಥ ಟಿಪ್ಪಣಿಗಳೇ ಮುಂದಿನ ಗೈಡುಗಳ ಮೂಲವೆನ್ನಬಹುದು.

ಅದೇ ಕಾಲದಲ್ಲಿ ಸತೋಷಿ ತಜಿರಿ ಎಂಬ ತರುಣನಿದ್ದ. ಆಟಗಳ ಹುಚ್ಚು ಅವನಿಗೆ. 1983ರಲ್ಲಿ ಅವನು 'ಗೇಮ್ ಫ್ರೀಕ್' ಎಂಬ ಕೈಬರಹದ ಪತ್ರಿಕೆಯನ್ನು ಆರಂಭಿಸಿದ. ಹಾಳೆಗಳನ್ನು ನಕಲು ತೆಗೆಸಿ, ಸ್ಟೇಪಲ್ ಪಿನ್ನು ಹೊಡೆದು ಮಾರುತ್ತಿದ್ದ. ಅದರ ತುಂಬ ಆಟ ಗೆಲ್ಲುವ ಉಪಾಯಗಳು. ಆ ಪತ್ರಿಕೆಯನ್ನು ನೋಡಿ ಮೆಚ್ಚಿ ಬಂದ ಕೆನ್ ಸುಗಿಮೊರಿ ಅದಕ್ಕೆ ಚಿತ್ರಕಾರನಾದ. ಬೇರೆಯವರ ಆಟಗಳನ್ನು ಬಿಡಿಸಿ ಬಿಡಿಸಿ ಬರೆದ ಈ ಗೆಳೆಯರು ಕೊನೆಗೆ ತಾವೇ ಆಟ ಕಟ್ಟತೊಡಗಿದರು. 1989ರಲ್ಲಿ ಪತ್ರಿಕೆಯ ಹೆಸರೇ ಅವರ ಕಂಪನಿಯ ಹೆಸರಾಯಿತು. 1996ರ ಫೆಬ್ರವರಿ 27ರಂದು ಅವರು ಹೊರತಂದ ಆಟದ ಹೆಸರು 'ಪೋಕೆಮಾನ್'. ನಿಮ್ಮ ಮನೆಗಳ ಮಕ್ಕಳಿಗೆ ಅದರ ಪರಿಚಯ ನಾನು ಮಾಡಿಕೊಡಬೇಕಾಗಿಲ್ಲ. ಗೈಡು ಬರೆಯುವುದೇ ಈ ತರುಣರಿಗೆ ಗುರುಕುಲವಾಯಿತು. ಓದಿದವನಿಗಿಂತ ಬರೆದವನು ಹೆಚ್ಚು ಕಲಿಯುತ್ತಾನೆಂಬುದು ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಸತ್ಯವೇ.

ಇನ್ನು ಕಾಯುವಿಕೆಯ ಮಾತು. ಡ್ರ್ಯಾಗನ್ ಕ್ವೆಸ್ಟ್ ಆಟದ ಕರ್ತೃ ಯೂಜಿ ಹೊರಿಯಿ 'ಶೋನೆನ್ ಜಂಪ್' ಎಂಬ ಜನಪ್ರಿಯ ಕಾಮಿಕ್ಸ್ ವಾರಪತ್ರಿಕೆಗೆ ಬರೆಯುತ್ತಿದ್ದವರು. ಆಟಕ್ಕೆ ಚಿತ್ರ ಬರೆದ ಅಕಿರಾ ತೊರಿಯಾಮಾ ಅದೇ ಪತ್ರಿಕೆಯ ಹೆಸರಾಂತ ಕಲಾವಿದರು. ಹೊಸ ಆಟ ತಯಾರಾಗುತ್ತಿರುವ ಸುದ್ದಿ, ಒಂದೆರಡು ಚಿತ್ರ, ಒಂದಿಷ್ಟು ಕತೆ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿದ್ದವು. ಮಕ್ಕಳು ಅದನ್ನು ಓದಿ, ಚರ್ಚಿಸಿ, ಊಹೆ ಮಾಡಿ, ಆಟ ಕೈಗೆ ಬರುವ ಹೊತ್ತಿಗೆ ಆ ಕಾಲ್ಪನಿಕ ದೇಶದಲ್ಲಿ ಅರ್ಧ ಸಂಚಾರ ಮುಗಿಸಿರುತ್ತಿದ್ದರು. ಆಟವೂ ತಾಳ್ಮೆಯನ್ನೇ ಬೇಡುತ್ತಿತ್ತು. 1987ರ ಎರಡನೆಯ ಭಾಗದಲ್ಲಿ, ಆಡಿ ನಿಲ್ಲಿಸಿದ ಸ್ಥಳದಿಂದ ಮುಂದುವರಿಯಬೇಕಾದರೆ ತೆರೆಯ ಮೇಲೆ ಮೂಡುವ ಮಂತ್ರವೊಂದನ್ನು ಬರೆದಿಟ್ಟುಕೊಳ್ಳಬೇಕಿತ್ತು. ಅದು ಐವತ್ತೆರಡು ಅಕ್ಷರಗಳವರೆಗೂ ಬೆಳೆಯುತ್ತಿತ್ತು. ಒಂದಕ್ಷರ ತಪ್ಪಿದರೆ ಗಂಟೆಗಟ್ಟಲೆ ಪಟ್ಟ ಶ್ರಮವೆಲ್ಲ ನೀರುಪಾಲು. ಶುದ್ಧಬರಹದ ಇಂಥ ಕಠಿಣ ಪರೀಕ್ಷೆಯನ್ನು ಯಾವ ಪಂಡಿತರೂ ನಡೆಸಿರಲಾರರು! ಮೂರನೆಯ ಭಾಗದಲ್ಲಿ ಕಾರ್ಟ್ರಿಜ್‌ನೊಳಗೇ ಬ್ಯಾಟರಿ ಇಟ್ಟು ನೆನಪನ್ನು ಉಳಿಸುವ ವ್ಯವಸ್ಥೆ ಬಂದದ್ದು ಮಕ್ಕಳಿಗೆ ದೊಡ್ಡ ವರದಾನವಾಯಿತು.

ಆ ಬುಧವಾರದ ಗದ್ದಲದ ನಂತರ ಒಂದು ದಂತಕತೆ ಹಬ್ಬಿತು. ಶಾಲೆಯ ದಿನಗಳಲ್ಲಿ ಈ ಆಟವನ್ನು ಮಾರಬಾರದೆಂದು ಜಪಾನ್ ಸರ್ಕಾರ ಕಾನೂನು ಮಾಡಿತಂತೆ ಎಂಬ ಮಾತನ್ನು ಇಂದಿಗೂ ಹಲವರು ನಂಬುತ್ತಾರೆ. ಅಂಥ ಕಾನೂನು ಬರಲೇ ಇಲ್ಲ. ಪ್ರಕಾಶಕರಾದ ಎನಿಕ್ಸ್ ಸಂಸ್ಥೆಯೇ ಮುಂದಿನ ಭಾಗಗಳಿಗೆ ರಜೆಯ ದಿನಗಳನ್ನು ಆರಿಸಿಕೊಂಡಿತು. ನಾಲ್ಕನೆಯದು 1990ರ ಫೆಬ್ರವರಿ 11ರಂದು, ಐದನೆಯದು 1992ರ ಸೆಪ್ಟೆಂಬರ್ 27ರಂದು ಬಂದವು, ಎರಡೂ ಭಾನುವಾರಗಳು. ಶಿಕ್ಷಕನಾಗಿ ಆ ಸಂಸ್ಥೆಗೆ ನನ್ನದೊಂದು ನಮಸ್ಕಾರ.

ಅಮೆರಿಕದಲ್ಲಿ ಕತೆ ಇನ್ನೊಂದು ಬಗೆಯಾಗಿ ನಡೆಯಿತು. 1988ರ ಜುಲೈ-ಆಗಸ್ಟ್‌ನಲ್ಲಿ ನಿಂಟೆಂಡೊ ಅಲ್ಲಿ 'ನಿಂಟೆಂಡೊ ಪವರ್' ಎಂಬ ಪತ್ರಿಕೆಯನ್ನು ಆರಂಭಿಸಿತು. ಪುಟಗಳ ತುಂಬ ಬಣ್ಣದ ನಕ್ಷೆಗಳು. ಎಡವಿ ನಿಂತ ಮಕ್ಕಳು ದೂರವಾಣಿ ಮಾಡಿದರೆ ದಾರಿ ಹೇಳುವ ಸಲಹೆಗಾರರನ್ನೂ ಕಂಪನಿ ನೇಮಿಸಿತ್ತು. ಮಾರಿಯೊವಿನ ಮೂರನೆಯ ಭಾಗ ಜಪಾನಿನಲ್ಲಿ 1988ರ ಅಕ್ಟೋಬರ್‌ನಲ್ಲೇ ಬಂದಿದ್ದರೂ ಅಮೆರಿಕದ ಮಕ್ಕಳಿಗೆ ದೊರೆತದ್ದು 1990ರ ಫೆಬ್ರವರಿಯಲ್ಲಿ. ಅದಕ್ಕೆ ಎರಡು ತಿಂಗಳು ಮುಂಚೆ, 1989ರ ಡಿಸೆಂಬರ್‌ನಲ್ಲಿ, 'ದಿ ವಿಝರ್ಡ್' ಎಂಬ ಚಲನಚಿತ್ರ ತೆರೆ ಕಂಡಿತು. ಅದರ ಕೊನೆಯ ಸ್ಪರ್ಧೆಯ ದೃಶ್ಯದಲ್ಲಿ ಆ ಹೊಸ ಆಟವನ್ನು ಬಳಸಿಕೊಂಡಿದ್ದರು. ಇನ್ನೂ ಅಂಗಡಿಗೆ ಬಾರದ ಆಟವನ್ನು ಚಿತ್ರಮಂದಿರದಲ್ಲಿ ಕಂಡ ಮಕ್ಕಳ ಕಾತರ ಎಷ್ಟಿದ್ದೀತು, ಊಹಿಸಿ.

ನಮ್ಮ ಊರುಗಳಿಗೆ ತೊಂಬತ್ತರ ದಶಕದಲ್ಲಿ ಬಂದದ್ದು ಫ್ಯಾಮಿಕಾಮಿನ ಅಗ್ಗದ ನಕಲುಗಳು. ನಾವು 'ಟಿ.ವಿ. ಗೇಮ್' ಎನ್ನುತ್ತಿದ್ದೆವು. ಅವುಗಳ ಜೊತೆ ಗೈಡೂ ಬರಲಿಲ್ಲ, ಪತ್ರಿಕೆಯೂ ಬರಲಿಲ್ಲ. ಹಾಗಾದರೆ ನಮ್ಮ ಹುಡುಗರು ಏನು ಮಾಡಿದರು? ಲೆಕ್ಕದ ನೋಟ್‌ಬುಕ್ ತಿದ್ದುವಾಗ ಕೊನೆಯ ಹಾಳೆಯಲ್ಲಿ ಬಾಣದ ಗುರುತುಗಳು ಕಾಣುತ್ತಿದ್ದವು: ಮೇಲೆ ಎರಡು, ಕೆಳಗೆ ಎರಡು, ಆಮೇಲೆ ಎಡ-ಬಲ, ಎಡ-ಬಲ. ಕೇಳಿದರೆ ತಲೆ ತಗ್ಗಿಸಿ, "ಸಾರ್, ಕಾಂಟ್ರಾಗೆ ಮೂವತ್ತು ಲೈಫ್ ಬರುತ್ತೆ" ಎನ್ನುತ್ತಿದ್ದರು. ಜಪಾನಿನ ಕೊನಾಮಿ ಸಂಸ್ಥೆಯ ಕಝುಹಿಸಾ ಹಶಿಮೊಟೊ 1986ರಲ್ಲಿ 'ಗ್ರೇಡಿಯಸ್' ಎಂಬ ಆಟವನ್ನು ಫ್ಯಾಮಿಕಾಮಿಗೆ ಅಳವಡಿಸುವಾಗ, ಪರೀಕ್ಷಿಸಿ ನೋಡಲು ಅದು ತಮಗೇ ಕಷ್ಟವಾಯಿತೆಂದು ಸೇರಿಸಿಕೊಂಡ ಗುಪ್ತಸೂತ್ರ ಇದು. ಅದು ಬಾಯಿಂದ ಬಾಯಿಗೆ ಹರಿದು, ಸಮುದ್ರ ದಾಟಿ, ನಮ್ಮ ಹುಡುಗರ ನೋಟ್‌ಬುಕ್ಕಿನ ಕೊನೆಯ ಹಾಳೆಗೆ ಬಂದು ಸೇರಿತ್ತು. ಜಾನಪದವೆಂದರೆ ಇದೇ ಅಲ್ಲವೇ?

ಗೈಡುಗಳಲ್ಲಿ ಶ್ರೇಷ್ಠವಾದದ್ದು ಯಾವುದೆಂದು ಕೇಳಿದರೆ ನಾನು ಕನ್ಸೋಲನ್ನು ಬಿಟ್ಟು ಕಂಪ್ಯೂಟರಿನ ಕಡೆಗೆ ಕೈ ತೋರಿಸುತ್ತೇನೆ. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಇನ್ಫೋಕಾಮ್ ಸಂಸ್ಥೆ ಅಕ್ಷರಗಳಲ್ಲೇ ನಡೆಯುವ ಸಾಹಸದ ಆಟಗಳನ್ನು ಮಾಡುತ್ತಿತ್ತು. ಅವುಗಳ ಗೈಡಿಗೆ 'ಇನ್ವಿಸಿಕ್ಲೂಸ್' ಎಂದು ಹೆಸರು. ಅದರಲ್ಲಿ ಪ್ರಶ್ನೆಗಳು ಮಾತ್ರ ಕಣ್ಣಿಗೆ ಕಾಣುತ್ತಿದ್ದವು. ಉತ್ತರಗಳನ್ನು ಕಾಣದ ಶಾಯಿಯಲ್ಲಿ ಮುದ್ರಿಸಿದ್ದರು. ಜೊತೆಗೆ ಕೊಟ್ಟ ವಿಶೇಷ ಪೆನ್ನಿನಿಂದ ಉಜ್ಜಿದರೆ ಅಕ್ಷರ ಮೂಡುತ್ತಿತ್ತು. ಮೊದಲ ಸಾಲಿನಲ್ಲಿ ಬರಿಯ ಸೂಚನೆ, ಎರಡನೆಯದರಲ್ಲಿ ಇನ್ನಷ್ಟು ಸ್ಪಷ್ಟತೆ, ಕಟ್ಟಕಡೆಗೆ ಪೂರ್ತಿ ಉತ್ತರ. ಎಲ್ಲಿ ನಿಲ್ಲಿಸಬೇಕೆಂಬ ನಿರ್ಧಾರ ಆಡುವವನದೇ. ಒಳ್ಳೆಯ ಮೇಷ್ಟ್ರು ಕಪ್ಪುಹಲಗೆಯ ಮುಂದೆ ನಿಂತು ಮಾಡುವುದೂ ಇದನ್ನೇ. ಉತ್ತರ ಗೊತ್ತಿದ್ದೂ, ಹುಡುಗನಿಗೆ ಬೇಕಾದಷ್ಟನ್ನು ಮಾತ್ರ ಹೇಳಿ ಸುಮ್ಮನಾಗುವುದು.

ಕೆಟ್ಟ ಉದಾಹರಣೆಯೂ ಇದೆ. 2000ದಲ್ಲಿ 'ಫೈನಲ್ ಫ್ಯಾಂಟಸಿ' ಆಟದ ಒಂಬತ್ತನೆಯ ಭಾಗಕ್ಕೆ ಅಮೆರಿಕದಲ್ಲಿ ಬಂದ ಅಧಿಕೃತ ಗೈಡಿನಲ್ಲಿ ಅನೇಕ ಕಡೆ ಮಾಹಿತಿಯ ಬದಲು ಒಂದು ಸಂಕೇತಪದವಿತ್ತು. ಅಂತರಜಾಲ ತಾಣಕ್ಕೆ ಹೋಗಿ ಆ ಪದವನ್ನು ಕೊಟ್ಟರೆ ಮಾತ್ರ ಉಳಿದ ವಿಷಯ ತಿಳಿಯುತ್ತಿತ್ತು. ಹಣ ಕೊಟ್ಟು ಕೊಂಡವರು ಸಿಟ್ಟಾದದ್ದು ಸಹಜ. ಅಷ್ಟರಲ್ಲಾಗಲೇ, 1995ರಲ್ಲಿ ಆರಂಭವಾದ 'ಗೇಮ್‌ಫ್ಯಾಕ್ಸ್' ಎಂಬ ತಾಣದಲ್ಲಿ ಆಟಗಾರರು ತಾವೇ ಬರೆದ ಗೈಡುಗಳನ್ನು ಉಚಿತವಾಗಿ ಹಂಚುತ್ತಿದ್ದರು. ಅಂಗಡಿಯ ನೋಟ್‌ಬುಕ್ಕೇ ಮತ್ತೆ ಹುಟ್ಟಿ ಬಂದಂತೆ. ಅಚ್ಚಿನ ಗೈಡುಗಳ ಕಾಲ ಇಳಿಮುಖವಾಯಿತು. ನಿಂಟೆಂಡೊ ಪವರ್ 2012ರ ಡಿಸೆಂಬರ್ ಸಂಚಿಕೆಯೊಂದಿಗೆ ನಿಂತಿತು. ಗೈಡುಗಳ ದೊಡ್ಡ ಪ್ರಕಾಶಕರಾದ ಪ್ರೈಮಾ ಗೇಮ್ಸ್ ಅಚ್ಚಿನ ಪುಸ್ತಕಗಳನ್ನು ನಿಲ್ಲಿಸುವುದಾಗಿ 2018ರಲ್ಲಿ ಘೋಷಿಸಿದರು.

ಈಗ ಅವುಗಳ ಸ್ಥಾನದಲ್ಲಿ ವಿಡಿಯೊಗಳಿವೆ. ನನ್ನ ತಮ್ಮನ ಮೊಮ್ಮಗ 2023ರ ಮೇ 12ರಂದು ಬಿಡುಗಡೆಯಾದ 'ಜೆಲ್ಡಾ' ಆಟಕ್ಕಾಗಿ ತಿಂಗಳುಗಟ್ಟಲೆ ದಿನ ಎಣಿಸಿದವನು. ಆಟ ಕೈಗೆ ಬಂದ ವಾರದೊಳಗೆ ಅದರ ಕೊನೆಯ ದೃಶ್ಯದವರೆಗೂ ಬೇರೆ ಯಾರೋ ಆಡಿದ್ದನ್ನು ಯೂಟ್ಯೂಬಿನಲ್ಲಿ ನೋಡಿ ಮುಗಿಸಿದ್ದ. "ಯಾಕೋ ಪುಟ್ಟ, ನೀನು ಆಡುವುದಿಲ್ಲವೇ?" ಎಂದೆ. "ಎಲ್ರೂ ನೋಡ್ಬಿಟ್ಟಿದಾರೆ ತಾತ, ನಾನೊಬ್ಬನೇ ಹಿಂದೆ ಉಳಿದ್ಬಿಡ್ತೀನಿ" ಎಂದ. ಆ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಅವನಿಗೆ ಆಟದ ಆಸೆ ತೀರಿರಲಿಲ್ಲ. ಹಿಂದೆ ಬೀಳುವ ಭಯ ಆಸೆಯನ್ನು ನುಂಗಿತ್ತು. ಪರೀಕ್ಷೆಯ ಗೈಡು ಕೊಳ್ಳುವ ಮಗುವಿನ ಮುಖದಲ್ಲಿ ನಾನು ಕಂಡದ್ದೂ ಇದೇ ಭಯವನ್ನು.

ಆದ್ದರಿಂದ ದೋಷವಿರುವುದು ಗೈಡು ಎಂಬ ಹೆಸರಿನಲ್ಲಲ್ಲ. ಓದಿದ ಮೇಲೆ ಮಗು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ಡ್ರುವಾಗ ಗೋಪುರದ ನೋಟ್‌ಬುಕ್ ಓದಿದವನು ಮರಳಿ ಗೋಪುರಕ್ಕೇ ಹೋಗುತ್ತಿದ್ದ, ಹಿಂತಿರುಗಿ ಬಂದು ತನ್ನದೊಂದು ಸಾಲು ಬರೆಯುತ್ತಿದ್ದ. ಪಠ್ಯದ ಕಡೆಗೆ, ಆಟದ ಕಡೆಗೆ, ಪ್ರಯೋಗದ ಕಡೆಗೆ ಮರಳಿ ಕಳುಹಿಸುವ ಪುಸ್ತಕ ಗುರು. ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲವೆನ್ನುವ ಪುಸ್ತಕ ದಲ್ಲಾಳಿ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳಾಗಿದ್ದೀರಿ, ಕೆಲವರು ಅಜ್ಜ-ಅಜ್ಜಿಯರೂ ಆಗಿದ್ದೀರಿ. ಮನೆಯ ಮಗು ಹೊಸ ಆಟಕ್ಕಾಗಿ ದಿನ ಎಣಿಸುತ್ತಿದ್ದರೆ ಬೈಯಬೇಡಿ. ಕಾಯುವುದೂ ಒಂದು ಬಗೆಯ ಕಲಿಕೆಯೇ. ಆಟ ಬಂದ ಮೇಲೆ ಅದರ ಪಕ್ಕದಲ್ಲಿ ಒಂದು ಖಾಲಿ ನೋಟ್‌ಬುಕ್ ಇಡಿ. ತಾನು ಕಂಡ ದಾರಿಯನ್ನು ತಾನೇ ಬರೆದು, ತಮ್ಮನಿಗೋ ತಂಗಿಗೋ ಗೆಳೆಯನಿಗೋ ಕೊಡಲಿ. ಓದಿದವರು ತಮ್ಮದೊಂದು ಸಾಲು ಸೇರಿಸಿ ಹಿಂದಿರುಗಿಸಲಿ.