ಕಾಂತರೋಧದ ಶೇಕಡಾವಾರು ಮತ್ತು ಓದುವ ಹೆಡ್ಡಿನ ಸಾಮರ್ಥ್ಯ: ಒಂದು ಮರುಪರಿಶೀಲನೆ

ಹಾರ್ಡ್ ಡಿಸ್ಕಿನ ಸಾಂದ್ರತೆ ಹೆಚ್ಚಿದಂತೆ ಪ್ರತಿ ಬಿಟ್‌ನ ವಿಸ್ತೀರ್ಣ ಕುಗ್ಗುತ್ತದೆ, ಓದುವ ಹೆಡ್ಡಿಗೆ ತಲುಪುವ ಕಾಂತಪ್ರವಾಹವೂ ಕ್ಷೀಣಿಸುತ್ತದೆ. ಆದ್ದರಿಂದ ಸಂವೇದಕಗಳ ಚರಿತ್ರೆಯನ್ನು ಕಾಂತರೋಧದ ಅನುಪಾತ, ಅಂದರೆ ಕಾಂತಕ್ಷೇತ್ರಕ್ಕೆ ಒಡ್ಡಿದಾಗ ವಿದ್ಯುತ್ ರೋಧ ಶೇಕಡಾ ಎಷ್ಟು ಬದಲಾಗುತ್ತದೆ ಎಂಬುದು, ಏರುತ್ತ ಹೋದ ಕಥೆಯೆಂದೇ ಬಣ್ಣಿಸುವುದು ವಾಡಿಕೆ. ಆದರೆ ಹೆಡ್ಡಿನ ಯೋಗ್ಯತೆಯನ್ನು ಆ ಒಂದೇ ಸಂಖ್ಯೆ ನಿರ್ಧರಿಸಿಲ್ಲ. 1988ರಲ್ಲಿ ಆಲ್ಬರ್ಟ್ ಫೆರ್ಟ್ ತಂಡ ಕಬ್ಬಿಣ-ಕ್ರೋಮಿಯಂ ಪದರಗಳಲ್ಲಿ ರೋಧ ಸುಮಾರು ಅರ್ಧಕ್ಕೆ ಇಳಿಯುವುದನ್ನು ಕಂಡಿತು. ಅದಕ್ಕೆ 4.2 ಕೆಲ್ವಿನ್ ಉಷ್ಣತೆಯೂ 2 ಟೆಸ್ಲಾ ಕ್ಷೇತ್ರವೂ ಬೇಕಾಗಿದ್ದವು. 1991ರಲ್ಲಿ ಐಬಿಎಂನ ಬರ್ನಾರ್ಡ್ ಡಿಯೆನಿ ಮತ್ತು ಸಂಗಡಿಗರ ಸ್ಪಿನ್ ವಾಲ್ವ್ (ಎರಡು ಕಾಂತಪದರಗಳ ನಡುವೆ ಅಕಾಂತ ಲೋಹದ ತೆಳುಪದರವಿರುವ ರಚನೆ) ತೋರಿದ ಬದಲಾವಣೆ ಶೇ. 5 ಮಾತ್ರ, ಆದರೆ ಅದು ಕೋಣೆಯ ಉಷ್ಣತೆಯಲ್ಲಿ, 10 ಅರ್‌ಸ್ಟೆಡ್‌ನಷ್ಟು ದುರ್ಬಲ ಕ್ಷೇತ್ರದಲ್ಲಿ ದೊರೆತದ್ದು. 1997ರಲ್ಲಿ ಮಾರುಕಟ್ಟೆಗೆ ಬಂದ ಐಬಿಎಂ ಡಿಸ್ಕಿನ ಹೆಡ್ಡು ಈ ಎರಡನೆಯ ದಾರಿಯನ್ನೇ ಹಿಡಿಯಿತು.

ಎರಡು ಕಾಂತಪದರಗಳ ನಡುವಿನ ನಿರೋಧಕ ತಡೆಪದರವನ್ನು ಎಲೆಕ್ಟ್ರಾನುಗಳು ಸುರಂಗಿಸಿ ದಾಟುವಾಗ ಕಾಣುವ ಸುರಂಗ ಕಾಂತರೋಧದ ಬೆಳವಣಿಗೆಯಲ್ಲೂ ಇದೇ ತರ್ಕ ಕಾಣುತ್ತದೆ. 1995ರಲ್ಲಿ ಜಗದೀಶ್ ಮೂಡೇರ ಎಂಐಟಿಯಲ್ಲಿ, ತೆರುನೊಬು ಮಿಯಾಜಾಕಿ ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದಲ್ಲಿ, ಅಲ್ಯೂಮಿನಿಯಂ ಆಕ್ಸೈಡ್ ತಡೆಪದರದ ಮೂಲಕ ಈ ಪರಿಣಾಮವನ್ನು ಕೋಣೆಯ ಉಷ್ಣತೆಯಲ್ಲೇ ಸಾಧಿಸಿದರು. ಮೆಗ್ನೀಸಿಯಂ ಆಕ್ಸೈಡ್ ಬಂದ ಮೇಲೆ, 2008ರ ಹೊತ್ತಿಗೆ, ಅನುಪಾತ ಶೇ. 604 ಮುಟ್ಟಿತು. ಆದರೆ ಆ ದಾಖಲೆಯ ತಡೆಪದರ 2.1 ನ್ಯಾನೊಮೀಟರ್ ದಪ್ಪದ್ದು. ದಪ್ಪ ಹೆಚ್ಚಿದಂತೆ ಸುರಂಗರೋಧ ಘಾತೀಯವಾಗಿ ಏರುತ್ತದೆ. ಹೆಡ್ಡಿಗಾಗಿಯೇ ತೆಳುವಾಗಿ ರೂಪಿಸಿದ ಸಂಧಿಯೊಂದು 2005ರಲ್ಲಿ ಶೇ. 138 ಕೊಟ್ಟಿತ್ತು, ರೋಧ-ವಿಸ್ತೀರ್ಣ ಗುಣಲಬ್ಧ 2.4 ಓಮ್-ಚದರ ಮೈಕ್ರೊಮೀಟರ್. ಇದರಂತೆ 50 ನ್ಯಾನೊಮೀಟರ್ ಬದಿಯ ಚೌಕ ಸಂವೇದಕದ ರೋಧ 960 ಓಮ್. ಬದಿಯನ್ನು ಅರ್ಧಕ್ಕಿಳಿಸಿದರೆ 3840 ಓಮ್. ರೋಧ ಏರಿದರೆ ಉಷ್ಣಜನ್ಯ ಗದ್ದಲ ಹೆಚ್ಚುತ್ತದೆ, ಓದುವ ವೇಗಕ್ಕೂ ಕಡಿವಾಣ ಬೀಳುತ್ತದೆ. ಹೀಗಾಗಿ ಸಾಂದ್ರತೆ ಏರಿದಂತೆ ಈ ಗುಣಲಬ್ಧವೂ ಇಳಿಯಲೇಬೇಕು.

ಅನುಪಾತ ಅಷ್ಟು ಗೌಣವಾಗಿದ್ದರೆ ಉದ್ಯಮ ಸ್ಪಿನ್ ವಾಲ್ವ್ ಬಿಟ್ಟು ಸುರಂಗ ಸಂಧಿಗೆ ಏಕೆ ಹೊರಳಿತು ಎಂಬ ಆಕ್ಷೇಪ ಸಹಜ. ಅನುಪಾತ ಗೌಣವೆಂದು ಇಲ್ಲಿ ಹೇಳುತ್ತಿಲ್ಲ. ಅದು ಸಂಕೇತದ ಗಾತ್ರವನ್ನು ಹಿಗ್ಗಿಸುತ್ತದೆ, ಆದರೆ ಗದ್ದಲಕ್ಕೆ ಹೋಲಿಸಿ ನೋಡಿದಾಗಷ್ಟೇ ಆ ಲಾಭಕ್ಕೆ ಬೆಲೆ. ದುರ್ಬಲ ಸಂಕೇತವನ್ನು ಆಂಪ್ಲಿಫೈಯರ್ ಸರಿಪಡಿಸಬಹುದೆಂಬ ಇನ್ನೊಂದು ವಾದವೂ ನಿಲ್ಲದು: ಸಂವೇದಕದಲ್ಲೇ ಹುಟ್ಟಿದ ಗದ್ದಲವನ್ನೂ ಅದು ಅಷ್ಟೇ ವರ್ಧಿಸುತ್ತದೆ. ಆದ್ದರಿಂದ ಹೊಸ ವಸ್ತುವೊಂದನ್ನು ಹೆಡ್ಡಿಗೆ ಯೋಗ್ಯವೆಂದು ಮಂಡಿಸುವವರು ಶೇಕಡಾವಾರಿನ ಜೊತೆಗೆ ಕ್ಷೇತ್ರದ ಪ್ರಮಾಣ, ಉಷ್ಣತೆ, ರೋಧ-ವಿಸ್ತೀರ್ಣ ಗುಣಲಬ್ಧ ಹಾಗೂ ಗದ್ದಲವನ್ನು ಒಂದೇ ಮಾದರಿಯಲ್ಲಿ ಅಳೆದು ಕೊಡಬೇಕು.