ನಾಲಿಗೆಯ ಕೆಳಗಿನ ಮಾತ್ರೆ, ಕುದೇರಿನ ಹಾಲು

ನಾಲಿಗೆಯ ಕೆಳಗೆ ಮಾತ್ರೆ ಇಟ್ಟುಕೊಳ್ಳುವುದು ನಮಗೆ ಪರಿಚಯವಾದದ್ದು ಎದೆನೋವಿನ ಔಷಧಿಯಿಂದ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರೆಲ್, ನೈಟ್ರೋಗ್ಲಿಸರಿನ್ ಎದೆನೋವನ್ನು ಇಳಿಸುತ್ತದೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಅದನ್ನು ನುಂಗಿದರೆ ಕರುಳಿನಿಂದ ಯಕೃತ್ತಿಗೆ ಹೋಗಿ, ಬಹುಪಾಲು ಅಲ್ಲೇ ನಾಶವಾಗುತ್ತದೆ. ನಾಲಿಗೆಯಡಿಯ ತೆಳುಪೊರೆಯ ಮೂಲಕ ಹೀರಿಕೊಂಡರೆ ಯಕೃತ್ತಿಗೆ ಸಿಗದೆ ನೇರವಾಗಿ ರಕ್ತಕ್ಕೆ ಸೇರುತ್ತದೆ.

ಈಗ ಬಿ12 ವಿಟಮಿನ್ ಮಾತ್ರೆಯೂ ಅದೇ ಜಾಗ ಹಿಡಿದಿದೆ. ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಅಂಗಾಲು ಜುಮ್ಮೆನ್ನುತ್ತಿತ್ತು. ರಕ್ತಪರೀಕ್ಷೆಯ ನಂತರ ಬಂದ ಮಾತ್ರೆಯನ್ನು ತೋರಿಸಿ, "ಇದ ನುಂಗ್ಬಾರ್ದಂತ ಕಣ್ ಕೂಸು, ನಾಲ್ಗ ಕೆಳಗ ಮಡಿಕಬೇಕಂತ" ಎಂದರು. ಆಹಾರದ ಚರಿತ್ರೆಯನ್ನು ಓದುತ್ತಿರುವ ನನಗೆ, ನಾಲಿಗೆಯೇ ಯಾಕೆ ಎಂಬ ಪ್ರಶ್ನೆ ಹುಟ್ಟಿತು.

ಬಿ12 ವಿಷಯದಲ್ಲಿ ಯಕೃತ್ತು ಶತ್ರುವಲ್ಲ, ಕಣಜ. ವರ್ಷಗಟ್ಟಲೆ ಆಗುವಷ್ಟನ್ನು ಅದು ಕೂಡಿಡುತ್ತದೆ. 1926ರಲ್ಲಿ ಅಮೆರಿಕದ ಮೈನಟ್ ಮತ್ತು ಮರ್ಫಿ, ಆಗ ಸಾವೇ ಗತಿಯಾಗಿದ್ದ ಒಂದು ಬಗೆಯ ರಕ್ತಹೀನತೆಯ ರೋಗಿಗಳಿಗೆ ದಿನವೂ ಪ್ರಾಣಿಗಳ ಯಕೃತ್ತನ್ನೇ ತಿನ್ನಿಸಿ ಬದುಕಿಸಿದ್ದರು. ಆಮೇಲೆ ವಿಲಿಯಂ ಕ್ಯಾಸಲ್, ಆರೋಗ್ಯವಂತರ ಜಠರದಲ್ಲಿ ಅರ್ಧ ಜೀರ್ಣವಾದ ಮಾಂಸವನ್ನು ಅಂಥ ರೋಗಿಗಳಿಗೆ ಕೊಟ್ಟು, ಜಠರವೇ ಸ್ರವಿಸುವ ಒಂದು ವಸ್ತುವಿನ ಜೊತೆ ಸೇರದೆ ಈ ಪೋಷಕ ಮೈಗೆ ಹತ್ತುವುದಿಲ್ಲವೆಂದು ತೋರಿಸಿದರು. ಬಿ12 ಹರಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ.

ಈ ಕಥೆಯ ಇನ್ನೊಂದು ಎಳೆ ನಮ್ಮ ನೆರೆಯಲ್ಲೇ ಹಾದುಹೋಗುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ನೀಲಗಿರಿ ಹತ್ತಿದರೆ ಕೂನೂರು. ಅಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಸಂಶೋಧನೆ ಶುರುಮಾಡಿದರು. ಮುಂದೆ ಅದೇ ಪೌಷ್ಟಿಕ ಆಹಾರದ ಸಂಶೋಧನಾಲಯವಾಯಿತು. ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಲು ಬಂದ ಲೂಸಿ ವಿಲ್ಸ್ ಕೂನೂರಿನಲ್ಲೂ ಕೆಲಸ ಮಾಡಿದರು. ಯೀಸ್ಟಿನಿಂದ ತಯಾರಾಗುವ ಮಾರ್ಮೈಟ್ ಆ ತಾಯಂದಿರನ್ನು ಗುಣಪಡಿಸುತ್ತದೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದದ್ದು ಇನ್ನೊಂದು ಬಿ ವಿಟಮಿನ್, ಫೋಲಿಕ್ ಆಮ್ಲ. ಭೀಮವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ತಂಡ 1945ರ ಹೊತ್ತಿಗೆ ಅದನ್ನು ಕೃತಕವಾಗಿ ತಯಾರಿಸಿತು. ಬಿ12 ಕೊರತೆಯ ರೋಗಿಗಳಿಗೂ ಅದನ್ನೇ ಕೊಟ್ಟಾಗ ರಕ್ತ ಕೆಂಪೇರಿತು, ಆದರೆ ನರಗಳು ಕೆಡುತ್ತಲೇ ಹೋದವು. ಕಾಲು ಜುಮ್ಮೆನ್ನುವವರು ಬರೀ ಫೋಲಿಕ್ ಆಮ್ಲ ನುಂಗಿ ನೆಮ್ಮದಿಯಾಗಿರಬಾರದು ಎಂಬ ಪಾಠ ಕಲಿತದ್ದು ಹೀಗೆ.

ಹಾಗಾದರೆ ನಾಲಿಗೆ? 2003ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 30 ಜನರಿಗೆ ದಿನಕ್ಕೆ 500 ಮೈಕ್ರೋಗ್ರಾಂ ಬಿ12 ಕೊಟ್ಟರು. ಕೆಲವರು ನಾಲಿಗೆಯಡಿ ಇಟ್ಟುಕೊಂಡರು, ಕೆಲವರು ನುಂಗಿದರು. ಎರಡೂ ಗುಂಪಿನಲ್ಲಿ ರಕ್ತದ ಬಿ12 ಏರಿತು, ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಪ್ರಮಾಣದಲ್ಲಿ ನುಂಗಿದಾಗ, ಜಠರದ ಆ ವಸ್ತುವಿನ ನೆರವಿಲ್ಲದೆಯೂ ಶೇಕಡಾ ಒಂದರಷ್ಟು ಕರುಳಿನಿಂದ ಜಿನುಗಿ ರಕ್ತ ಸೇರುತ್ತದೆ. 1000 ಮೈಕ್ರೋಗ್ರಾಂ ಮಾತ್ರೆಯಲ್ಲಿ ಅದು ಸುಮಾರು 10. ನಮಗೆ ದಿನಕ್ಕೆ ಬೇಕಾದದ್ದು ಎರಡಕ್ಕಿಂತ ತುಸು ಹೆಚ್ಚು ಅಷ್ಟೆ. ಅಂದರೆ ಕೆಲಸ ಮಾಡುವುದು ಜಾಗವಲ್ಲ, ಪ್ರಮಾಣ. ನುಂಗಲಾರದ ಮುದುಕರಿಗೆ ನಾಲಿಗೆಯಡಿಯ ಮಾತ್ರೆ ಅನುಕೂಲವೇ. ನರಗಳು ತೀರಾ ಸೊರಗಿದ್ದರೆ ವೈದ್ಯರು ಇಂಜೆಕ್ಷನ್ನನ್ನೇ ಹೇಳುತ್ತಾರೆ.

ಬಿ12 ತಯಾರಿಸುವುದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಯಲ್ಲಿ ಅವು ಮಾಡಿದ್ದು ಹಾಲಿಗೆ ಇಳಿಯುತ್ತದೆ. ಕಾರ್ಖಾನೆಯ ತೊಟ್ಟಿಯಲ್ಲಿ ಮಾಡಿದ್ದು ಮಾತ್ರೆಯಾಗುತ್ತದೆ. ಮೀನು, ಮಾಂಸ, ಮೊಟ್ಟೆ ತಿನ್ನದ ದೊಡ್ಡಮ್ಮನಂಥವರಿಗೆ ಹಾಲು, ಮೊಸರೇ ಅದರ ದಾರಿ. ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಇರುವುದೂ ಕುದೇರಿನಲ್ಲೇ. ದೊಡ್ಡಮ್ಮ ಎರಡು ಹೊತ್ತೂ ಹಾಲು ಕರೆದು ಸಂಘಕ್ಕೆ ಹಾಕುತ್ತಾರೆ; ಮನೆಯಲ್ಲಿ ಉಳಿಯುವುದು ಕಾಫಿಗಾಗುವಷ್ಟು. ಹಾಲಿನ ಬಟವಾಡೆ ಬಂದ ದಿನ ಮಾತ್ರೆ ಕೊಳ್ಳುತ್ತಾರೆ. ಅದನ್ನು ನಾಲಿಗೆಯ ಕೆಳಗಿಡಬೇಕೋ ಮೇಲಿಡಬೇಕೋ ಎನ್ನುವುದಕ್ಕಿಂತ, ಹಾಲು ಕರೆಯುವವರ ಲೋಟಕ್ಕೆ ಎಷ್ಟು ಹಾಲು ಉಳಿಯುತ್ತದೆ ಎನ್ನುವುದು ದೊಡ್ಡ ಪ್ರಶ್ನೆ.