ಮೂರನೆಯ ಡಿಸ್ಕ್ ಸೇರಿಸುವ ಮುನ್ನ

ಕಂಪ್ಯೂಟರ್ ಬಲ್ಲ ನನ್ನ ಹಳೆಯ ವಿದ್ಯಾರ್ಥಿಗಳು 'ರೇಡ್ ಸೊನ್ನೆ' ಎಂಬ ಹೆಸರನ್ನು ಕೇಳಿರುತ್ತಾರೆ. ಎರಡು ಅಥವಾ ಹೆಚ್ಚು ಹಾರ್ಡ್ ಡಿಸ್ಕುಗಳನ್ನು ಜೊತೆಗೂಡಿಸಿ, ಮಾಹಿತಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದಾದ ಮೇಲೊಂದರಂತೆ ಎಲ್ಲ ಡಿಸ್ಕುಗಳಿಗೂ ಹಂಚುವ ಪದ್ಧತಿ ಇದು. ಪಟ್ಟೆ ಬಳಿದಂತೆ ಹಂಚುವುದರಿಂದ ಇದಕ್ಕೆ ಸ್ಟ್ರೈಪಿಂಗ್ ಎಂದು ಹೆಸರು. ಎರಡೂ ಡಿಸ್ಕುಗಳು ಏಕಕಾಲಕ್ಕೆ ದುಡಿಯುವುದರಿಂದ ದೊಡ್ಡ ಕಡತಗಳನ್ನು ಓದುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆ 'ಸೊನ್ನೆ' ಏನನ್ನು ಸೂಚಿಸುತ್ತದೆ ಎಂಬುದರಲ್ಲಿಯೇ ಒಂದು ಚರಿತ್ರೆಯಿದೆ.

ಹಾರ್ಡ್ ಡಿಸ್ಕಿನ ಹುಟ್ಟು 1956ರಲ್ಲಿ. ಐಬಿಎಂ ಸಂಸ್ಥೆ ಆ ವರ್ಷ ಹೊರತಂದ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು; ಅಷ್ಟೆಲ್ಲ ಸೇರಿ ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದಿನ ಮೊಬೈಲಿನ ಒಂದು ಛಾಯಾಚಿತ್ರಕ್ಕೆ ಸಾಲುವಷ್ಟು, ಅಷ್ಟೆ. ಮುಂದಿನ ಮೂರು ದಶಕ ದೊಡ್ಡ ಕಂಪ್ಯೂಟರುಗಳಿಗೆ ಇಂಥ ದುಬಾರಿ ಡಿಸ್ಕುಗಳೇ ಗತಿಯಾಗಿದ್ದವು.

1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್ಯಾಂಡಿ ಕಟ್ಜ್ ಒಂದು ಪ್ರಬಂಧ ಮಂಡಿಸಿದರು. ಒಂದು ದೈತ್ಯ ಡಿಸ್ಕಿನ ಬದಲು ಸಣ್ಣ ಕಂಪ್ಯೂಟರುಗಳಿಗಾಗಿ ತಯಾರಾಗುವ ಅಗ್ಗದ ಡಿಸ್ಕುಗಳನ್ನು ಗುಂಪುಗೂಡಿಸಿದರೇನು ಎಂಬುದು ಅವರ ವಾದ. ಆದರೆ ಅವರು ಲೆಕ್ಕವನ್ನು ಮುಚ್ಚಿಡಲಿಲ್ಲ. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಎಂದಾದರೆ, 100 ಡಿಸ್ಕುಗಳ ಗುಂಪಿನಲ್ಲಿ ಸರಾಸರಿ 300 ಗಂಟೆಗೊಮ್ಮೆ, ಅಂದರೆ ಎರಡು ವಾರದೊಳಗೆ, ಒಂದಲ್ಲ ಒಂದು ಕೆಡುತ್ತದೆ. ಆದ್ದರಿಂದ ಕೆಟ್ಟ ಡಿಸ್ಕಿನ ಮಾಹಿತಿಯನ್ನು ಉಳಿದವುಗಳಿಂದ ಮರಳಿ ಪಡೆಯುವ ಐದು ವಿಧಾನಗಳನ್ನು ಅವರು ವಿವರಿಸಿ, ಒಂದರಿಂದ ಐದರವರೆಗೆ ಸಂಖ್ಯೆ ಕೊಟ್ಟರು. ಸೊನ್ನೆ ಅವರ ಪಟ್ಟಿಯಲ್ಲಿ ಇರಲೇ ಇಲ್ಲ! ರಕ್ಷಣೆಯನ್ನು ಬಿಟ್ಟು ಹಂಚಿಕೆಯನ್ನಷ್ಟೇ ಇಟ್ಟುಕೊಂಡ ಪದ್ಧತಿಗೆ ಆ ಹೆಸರು ಬಂದದ್ದು ಅನಂತರ. ರಕ್ಷಣೆ ಸೊನ್ನೆ ಎಂದೇ ಅದರ ಅರ್ಥ.

2000ದ ಸುಮಾರಿಗೆ ಮನೆಬಳಕೆಯ ಮದರ್‌ಬೋರ್ಡುಗಳಲ್ಲಿಯೇ ಈ ಸೌಲಭ್ಯ ಬರತೊಡಗಿತು. ವೇಗದ ಆಸೆಗೆ ಹುಡುಗರು ಸೊನ್ನೆಯನ್ನೇ ಆರಿಸಿಕೊಂಡರು. ಗಣಿತದ ಮೇಷ್ಟರಿಗೆ ಲೆಕ್ಕ ಬಿಡಲಾಗದು: ವರ್ಷದಲ್ಲಿ ಒಂದು ಡಿಸ್ಕ್ ಕೆಡುವ ಸಂಭವ ನೂರಕ್ಕೆ 5 ಎಂದಿಟ್ಟುಕೊಳ್ಳಿ. ಎರಡು ಡಿಸ್ಕುಗಳ ಹಂಚಿಕೆಯಲ್ಲಿ ಎಲ್ಲವನ್ನೂ ಕಳೆದುಕೊಳ್ಳುವ ಸಂಭವ 9.75, ಮೂರಾದರೆ 14.26. ಒಂದು ಹೋದರೂ ಉಳಿದದ್ದು ಚೂರುಚೂರು, ಯಾವ ಉಪಯೋಗಕ್ಕೂ ಬಾರದು.

ಮದುವೆಗಳ ಛಾಯಾಚಿತ್ರ ತೆಗೆಯುವ ಶಿಷ್ಯನೊಬ್ಬ ಕೇಳಿದ: "ಸಾರ್, ಎರಡೂ ಡಿಸ್ಕ್ ತುಂಬಿಹೋಗಿವೆ. ಮೂರನೆಯದನ್ನು ಹಾಗೆಯೇ ಸೇರಿಸಿಬಿಡಲೇ?" ಅವನ ಬಳಿ ಇದ್ದದ್ದು ಎಷ್ಟೋ ಮನೆಗಳ ಮದುವೆ. ಅವುಗಳಲ್ಲಿ ಕೆಲವಕ್ಕೆ ಬೇರೆ ಪ್ರತಿಯೇ ಇರಲಿಲ್ಲ.

ನಮ್ಮ ಶಾಲೆಯ ಪ್ರಾರ್ಥನೆಯ ಸಾಲುಗಳನ್ನು ನೆನಪಿಸಿಕೊಳ್ಳಿ. ಎರಡು ಸಾಲಿದ್ದಾಗ ಮೊದಲನೆಯದರಲ್ಲಿ 1, 3, 5, 7. ಎರಡನೆಯದರಲ್ಲಿ 2, 4, 6, 8. ಈಗ ಮೂರು ಸಾಲು ಮಾಡಿ ಎಂದರೆ, ಮೊದಲ ಸಾಲು 1, 4, 7. ಎರಡನೆಯದು 2, 5, 8. ಮೂರನೆಯದು 3, 6, 9. ಕದಲದೆ ನಿಂತವರು 1 ಮತ್ತು 2 ಮಾತ್ರ. ಏಳನೆಯವನು ಅದೇ ಸಾಲಿನಲ್ಲಿದ್ದರೂ ನಾಲ್ಕನೆಯ ಸ್ಥಾನದಿಂದ ಮೂರಕ್ಕೆ ಬರಬೇಕು. ಡಿಸ್ಕಿನಲ್ಲಿಯೂ ಹೀಗೆಯೇ, ಖಾಲಿ ಡಿಸ್ಕ್ ಸೇರಿಸುವುದೆಂದರೆ ಹಳೆಯ ಮಾಹಿತಿಯನ್ನೆಲ್ಲ ಎತ್ತಿ ಮರಳಿ ಜೋಡಿಸುವುದು. ನಡುವೆ ಕರೆಂಟು ಹೋದರೆ ಅರ್ಧ ಶಾಲೆ ಹೊಸ ನಿಯಮದಲ್ಲಿ, ಅರ್ಧ ಹಳೆಯದರಲ್ಲಿ. ಯಾವ ಸಂಖ್ಯೆಯವರೆಗೆ ಮುಗಿದಿದೆ ಎಂದು ಬರೆದಿಟ್ಟಿರದಿದ್ದರೆ ಕ್ರಮವನ್ನು ಮರಳಿ ಕಂಡುಹಿಡಿಯುವುದು ಬಹಳ ಕಷ್ಟ. ಆರಂಭದ ಕೆಲವು ಪಟ್ಟೆಗಳಲ್ಲಂತೂ ಹಳೆಯ ಜಾಗವೂ ಹೊಸ ಜಾಗವೂ ಒಂದರ ಮೇಲೊಂದು ಬರುವುದರಿಂದ, ಅಷ್ಟು ಭಾಗವನ್ನು ಬೇರೆಡೆ ನಕಲು ಮಾಡಿಯೇ ಮುಂದುವರಿಯಬೇಕು.

ತಂತ್ರಾಂಶಗಳು ಇದನ್ನು ನಿಧಾನವಾಗಿ ಕಲಿತವು. ಲಿನಕ್ಸಿನಲ್ಲಿ ರಕ್ಷಣೆಯುಳ್ಳ ಐದನೆಯ ವಿಧಾನದ ಗುಂಪನ್ನು ಬಳಕೆಯಲ್ಲಿರುವಾಗಲೇ ಹಿಗ್ಗಿಸುವ ಅನುಕೂಲ 2006ರಲ್ಲಿ ಬಂದಿತು. ಸೊನ್ನೆಯ ಗುಂಪಿಗೆ ಮುಂದೆ ಒಂದು ಜಾಣ ಉಪಾಯ ಹೂಡಿದರು: ಅದನ್ನು ತಾತ್ಕಾಲಿಕವಾಗಿ ನಾಲ್ಕನೆಯ ವಿಧಾನವೆಂದು ಭಾವಿಸಿ, ಹಿಗ್ಗಿಸಿ, ಮತ್ತೆ ಸೊನ್ನೆಗೆ ಇಳಿಸುವುದು. ನಾಲ್ಕರಲ್ಲಿ ರಕ್ಷಣೆಗೆಂದೇ ಒಂದು ಡಿಸ್ಕ್ ಇರಬೇಕಲ್ಲ? ಇಲ್ಲಿ ಅದು ಹಾಜರಿ ಪುಸ್ತಕದಲ್ಲಿ ಹೆಸರಿರುವ, ಶಾಲೆಗೆ ಬಾರದ ವಿದ್ಯಾರ್ಥಿ. ಉಪಾಯ ಸೊಗಸಾದದ್ದೇ, ಆದರೆ ಹಳೆಯ ಡಿಸ್ಕುಗಳು ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯುವ ಹೊತ್ತಿನಲ್ಲಿ ರಕ್ಷಣೆ ಮಾತ್ರ ಸೊನ್ನೆಯೇ.

ಆದ್ದರಿಂದ ಶಿಷ್ಯನಿಗೆ ಹೇಳಿದೆ: "ಮೊದಲು ಎಲ್ಲವನ್ನೂ ಪ್ರತ್ಯೇಕ ಡಿಸ್ಕಿಗೆ ನಕಲು ಮಾಡು. ಹತ್ತಾರು ಕಡತ ತೆರೆದು ನೋಡು. ಅನಂತರ ಹಳೆಯ ಗುಂಪನ್ನು ಬಿಚ್ಚಿ ಮೂರು ಡಿಸ್ಕುಗಳ ಹೊಸ ಗುಂಪು ಕಟ್ಟಿ, ಮರಳಿ ತುಂಬು." ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 2 ಟೆರಾಬೈಟ್ ಸಾಗಿಸಲು 3 ಗಂಟೆ 42 ನಿಮಿಷ ಸಾಕು, ಹೋಗಿಬರುವುದಕ್ಕೆ ಒಂದು ರಾತ್ರಿ. "ಅದಕ್ಕೆ ಇನ್ನೊಂದು ಡಿಸ್ಕ್ ಕೊಳ್ಳಬೇಕಲ್ಲ ಸಾರ್" ಎಂದು ಗೊಣಗುತ್ತಲೇ 8 ಟೆರಾಬೈಟಿನದೊಂದನ್ನು ಕೊಂಡ. ನಕಲು ಮುಗಿದ ಮೇಲೆ ನೋಡಿದರೆ ಅವನ ಸಂಗ್ರಹವೆಲ್ಲ ಅದರಲ್ಲಿ ಸೇರಿ, ಇನ್ನೂ ಅರ್ಧಕ್ಕಿಂತ ಹೆಚ್ಚು ಜಾಗ ಉಳಿದಿತ್ತು. ಮೂರನೆಯ ಡಿಸ್ಕನ್ನು ಅಂಗಡಿಗೆ ಹಿಂದಿರುಗಿಸಿದನಂತೆ.